ಮಡಕಶಿರಾದಿಂದ ತೊಮಿಯೊಕಾಗೆ

ನಮ್ಮ ಮಡಕಶಿರಾ ಸೀಮೆಯ ಹುಳು ಮೇಯಿಸುವ ರೈತರಿಗೆ ಜಪಾನ್ ಅನ್ನೋದು ಹೊಸ ಹೆಸರೇನಲ್ಲ. 1991ರಿಂದ 2007ರವರೆಗೆ ಜಪಾನಿನ ಸಹಕಾರದಲ್ಲಿ ನಡೆದ ದ್ವಿತಳಿ ರೇಷ್ಮೆ ಯೋಜನೆ ಮೈಸೂರಿನ ಸಂಶೋಧನಾ ಸಂಸ್ಥೆಯಲ್ಲಿ ಶುರುವಾಗಿ ಕರ್ನಾಟಕ, ಆಂಧ್ರ, ತಮಿಳುನಾಡಿನ ರೈತರ ಮನೆ ಮುಟ್ಟಿತು. ಎಲೆ ಬಿಡಿಸೋದು ಬಿಟ್ಟು ಕೊಂಬೆ ಸಮೇತ ಸೊಪ್ಪು ಹಾಕೋದು, ಹುಳುವಿಗೇ ಬೇರೆ ಮನೆ ಕಟ್ಟೋದು, ಸಿಎಸ್ಆರ್ ತಳಿಯ ಬಿಳಿ ಗೂಡು, ಎಲ್ಲ ಆ ಕಾಲದಲ್ಲಿ ಬೇರೂರಿದವು. ಹಾಗಾಗಿ ಐವತ್ತು ದಾಟಿದ ಮೇಲೆ ಒಮ್ಮೆಯಾದರೂ ಹೊರದೇಶ ನೋಡೋಣ ಅಂತ ಮನೆಯವಳೂ ನಾನೂ ಮಾತಾಡಿದಾಗ ನನ್ನ ಬಾಯಿಗೆ ಬಂದದ್ದು ಸಿಂಗಪುರವಲ್ಲ, ಜಪಾನ್. ಪಕ್ಕದ ತೋಟದವರು ‘ಅಂತ ದೂರಂ ಎಂದುಕಯ್ಯಾ?’ ಅಂದರು.

ಎಂದುಕಂದ್ರೆ, ತೊಮಿಯೊಕಾ ನೋಡೋದಕ್ಕೆ. ಟೋಕಿಯೊದ ವಾಯುವ್ಯಕ್ಕೆ ಗುಮ್ಮಾ ಸೀಮೆಯಲ್ಲಿ ಇರುವ ಈ ಊರಲ್ಲಿ 1872ರಲ್ಲಿ ಮೇಯಿಜಿ ಸರ್ಕಾರ ಫ್ರಾನ್ಸಿನ ಪಾಲ್ ಬ್ರೂನಾ ಎಂಬಾತನನ್ನು ಕರೆಸಿ ನೂಲು ಬಿಚ್ಚಾಣಿಕೆಯ ಕಾರ್ಖಾನೆ ಕಟ್ಟಿಸಿತು. ಅದು 1987ರಲ್ಲಿ ನಿಂತಿತು. 2014ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. 1929ರಲ್ಲಿ ಜಪಾನಿನಲ್ಲಿ ಸುಮಾರು 22 ಲಕ್ಷ ರೈತ ಮನೆಗಳು ಹುಳು ಸಾಕುತ್ತಿದ್ದವಂತೆ. ಈಗ ಇನ್ನೂರೂ ಇಲ್ಲ. ನಮಗೆ ಕಲಿಸಿದವರ ಮನೆಯಲ್ಲೇ ಕಸುಬು ನಿಂತದ್ದು ಹೇಗೆ ಅನ್ನೋದು ನನ್ನನ್ನು ಬಹಳ ದಿನದಿಂದ ಕಾಡಿದೆ.

ಟೂರ್ ಕಂಪನಿಯವರು ಫ್ಯೂಜಿ ಬೆಟ್ಟ ತೋರಿಸ್ತಾರೆ, ಡಿಸ್ನಿಲ್ಯಾಂಡ್ ತೋರಿಸ್ತಾರೆ. ತೊಮಿಯೊಕಾ ಅಂದರೆ ‘ಅದೆಲ್ಲಿ ಸಾರ್?’ ಅಂತಾರೆ. ಆದ್ದರಿಂದ ನಾವೇ ಲೆಕ್ಕ ಹಾಕಲು ಕೂತೆವು.

ಹಲವು ಊರು ನೋಡುವವರು ಮೊದಲು ತಿಳಿಯಬೇಕಾದ್ದು ಇದು: ಇಳಿದ ಊರಿಂದಲೇ ಮರಳಿ ಹತ್ತಬೇಕೆಂಬ ನಿಯಮವೇನಿಲ್ಲ. ಬೆಂಗಳೂರಿಂದ ಟೋಕಿಯೊದ ನರಿತಾಕ್ಕೆ ನೇರ ವಿಮಾನ ಉಂಟು. ವಾಪಸ್ಸು ಒಸಾಕಾ ಪಕ್ಕದ ಕಾನ್ಸಾಯ್ ನಿಲ್ದಾಣದಿಂದ ಹೊರಟರೆ ಮತ್ತೆ ಟೋಕಿಯೊಗೆ ಓಡುವ ಖರ್ಚೂ ಅರ್ಧ ದಿನವೂ ಉಳಿಯುತ್ತೆ. ಟೋಕಿಯೊದಲ್ಲಿ ನಾಲ್ಕು ರಾತ್ರಿ, ಕ್ಯೋಟೊದಲ್ಲಿ ಮೂರು, ಒಸಾಕಾದಲ್ಲಿ ಒಂದು. ತೊಮಿಯೊಕಾಗೆ ಟೋಕಿಯೊದಿಂದಲೇ ಒಂದು ದಿನದಲ್ಲಿ ಹೋಗಿಬರಬಹುದು: ತಕಸಾಕಿವರೆಗೆ ಶಿಂಕಾನ್‌ಸೆನ್‌ನಲ್ಲಿ ಸುಮಾರು ಐವತ್ತು ನಿಮಿಷ, ಅಲ್ಲಿಂದ ಸಣ್ಣ ರೈಲಿನಲ್ಲಿ ನಲವತ್ತು.

ರೈಲು ಪಾಸ್ ತಗೊಳ್ಳಿ ಅಂತ ಎಲ್ಲರೂ ಹೇಳ್ತಾರೆ. ಏಳು ದಿನದ ಪಾಸಿನ ದರ 2023ರ ಅಕ್ಟೋಬರ್‌ನಲ್ಲಿ 29,650 ಯೆನ್‌ನಿಂದ 50,000ಕ್ಕೆ ಏರಿತು. ನಮ್ಮ ದಾರಿಗೆ ತಕಸಾಕಿ ಹೋಗಿಬರಲು ಸುಮಾರು 10,000, ಕ್ಯೋಟೊಗೆ ಸುಮಾರು 14,000. ಬಿಡಿ ಟಿಕೆಟ್ಟೇ ವಾಸಿ. ಸಂತೆಯಲ್ಲಿ ಸಗಟು ಅಗ್ಗ ಅನ್ನುವ ವ್ಯಾಪಾರಿ ಮಿತ್ರರು ಕೂಡಿ ನೋಡಲಿ.

ತಿಂಗಳು ಆರಿಸೋದೇ ಕಷ್ಟವಾಯ್ತು. ಮಾರ್ಚ್ ಕೊನೆಗೆ ಚೆರ್ರಿ ಹೂವಿನ ಜಾತ್ರೆ, ರೂಮಿನ ಬೆಲೆ ಆಕಾಶಕ್ಕೆ. ಮೇ ಮೊದಲ ವಾರದವರೆಗೆ ಅವರಿಗೇ ಸಾಲು ರಜೆ. ಜೂನ್‌ನಲ್ಲಿ ಮಳೆ. ಉಳಿದದ್ದು ಮೇ ನಡುಭಾಗ. ನಮಗೂ ಅದೇ ಅನುಕೂಲ. ಆ ಬಿಸಿಲಿಗೆ ದ್ವಿತಳಿ ಹುಳು ಹೇಗೂ ಸೊರಗುತ್ತೆ. ಏಪ್ರಿಲ್ ಕೊನೆಗೆ ಗೂಡು ಬಿಡಿಸಿ ಹಿಂದೂಪುರಕ್ಕೆ ಹಾಕಿ, ಹುಳುಮನೆ ತೊಳೆದು ಔಷಧಿ ಹೊಡೆದು ಬಾಗಿಲು ಹಾಕಿದರೆ ಮುಂದಿನ ಚಾಕಿ ತರುವ ತನಕ ಹತ್ತು ದಿನ ಊರು ಬಿಡಬಹುದು. ಹುಳು ನಾಲ್ಕನೇ ಜ್ವರ ಎದ್ದಾಗ ಊರು ಬಿಡುವ ರೈತ ಎಲ್ಲಾದರೂ ಉಂಟೇ? ತೋಟಕ್ಕೆ ನೀರು ಬಿಡಲು ತಮ್ಮನ ಮಗ ಒಪ್ಪಿದ್ದಾನೆ.

ಕಾಗದದ ಕೆಲಸದಲ್ಲಿ ಗಡಿನಾಡಿನವರು ಎಚ್ಚರವಿರಬೇಕು. ಆಂಧ್ರದ ಪಟ್ಟಾ ಪುಸ್ತಕದಲ್ಲಿ ಇಂಟಿಪೇರು ಮೊದಲು. ಕನ್ನಡ ಶಾಲೆಯ ಎಸ್ಸೆಸ್ಸೆಲ್ಸಿ ಪಟ್ಟಿಯಲ್ಲಿ ಬರೀ ಇನಿಶಿಯಲ್. ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಬಿಡಿಸಿ ಬರೆಸಿ. ಟಿಕೆಟ್ಟಿನಲ್ಲೂ ಅದೇ ಹೆಸರಿರಲಿ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲವೆಂದು ನಮ್ಮಲ್ಲಿ ಬಹಳ ಜನ ರಿಟರ್ನ್ ಸಲ್ಲಿಸೋದೇ ಇಲ್ಲ, ವೀಸಾದವರು ಅದನ್ನೂ ಕೇಳ್ತಾರೆ. ಗೂಡಿನ ದುಡ್ಡು ಬ್ಯಾಂಕಿಗೇ ಬಂದಿದ್ದರೆ ಆ ಖಾತೆಯ ಸ್ಟೇಟ್‌ಮೆಂಟ್ ಸಾಕ್ಷಿಗೆ ನಿಲ್ಲುತ್ತೆ. 2024ರ ಏಪ್ರಿಲ್‌ನಿಂದ ಭಾರತದ ಪ್ರವಾಸಿಗಳಿಗೆ ಜಪಾನ್ ಇ-ವೀಸಾ ಕೊಡುತ್ತಿದೆ. ವಿಮಾನ ನಿಲ್ದಾಣದಲ್ಲಿ ಅದನ್ನು ಇಂಟರ್‌ನೆಟ್ ಇರುವ ಫೋನಿನಲ್ಲೇ ತೋರಿಸಬೇಕು, ಪ್ರಿಂಟ್ ನಡೆಯೋದಿಲ್ಲ.

ಊಟದ ಚಿಂತೆ ಮನೆಯವಳದು. ಅಲ್ಲಿ ತರಕಾರಿ ಸಾರಿಗೂ ಮೀನಿನ ತಿಳಿ ಬೆರೆಸುವುದುಂಟು. ಕ್ಯೋಟೊದ ಬೌದ್ಧ ಗುಡಿಗಳ ಕಡೆ ಶುದ್ಧ ಸಸ್ಯಾಹಾರದ ಊಟ ಸಿಗುತ್ತೆ. ಮಿಕ್ಕ ದಿನಕ್ಕೆ ಚಟ್ನಿಪುಡಿ. ಧರ್ಮಾವರದ ಮಗ್ಗ ಕಂಡವರು ಕ್ಯೋಟೊದ ನಿಶಿಜಿನ್ ನೇಕಾರರ ಕೇರಿಯನ್ನೂ ಬಿಡಬಾರದು.

ಜಪಾನಿನ ರೇಷ್ಮೆ ಸೀಮೆಯವರು ಹುಳುವನ್ನು ‘ಒಕಾಯಿಕೊಸಾಮಾ’ ಅಂತ ಗೌರವದಿಂದ ಕರೆಯುತ್ತಿದ್ದರು. ನಮ್ಮ ಗಡಿಯ ಮಾತಲ್ಲಿ ‘ಹುಳುಗಾರು’ ಅನ್ನಬಹುದೇನೋ! ಚಳಿಗಾಲದಲ್ಲಿ ಅಲ್ಲಿ ಹಿಪ್ಪುನೇರಳೆ ಬೋಳಾಗುತ್ತೆ, ಮೇ ತಿಂಗಳಲ್ಲಿ ವಸಂತದ ಹುಳು ಶುರು. ಅಂಥ ಒಂದು ಮನೆ ನೋಡಲು ಸಿಕ್ಕರೆ ಏನು ಕೇಳ್ತೀಯ ಅಂದೆ. ನಮ್ಮ ಮಗ ಬೆಂಗಳೂರಲ್ಲಿ ಕೆಲಸಕ್ಕಿದ್ದಾನೆ, ಹುಳುಮನೆಗೆ ಬರುವ ಮಾತಿಲ್ಲ. ಮನೆಯವಳು ಸೊಪ್ಪು ಹಾಕುತ್ತಲೇ, ‘ನಿಮ್ಮ ಹುಡುಗರು ಯಾವಾಗ ಬಿಟ್ಟು ಹೋದ್ರು ಅಂತ ಕೇಳ್ತೀನಿ’ ಅಂದಳು.