ರೋಗಿಯ ಮಂಚದ ಬಳಿಯ ವಿಜ್ಞಾನ

ಆಸ್ಪತ್ರೆಯ ವಾರ್ಡಿನಲ್ಲಿ ವೈದ್ಯರು ಒಬ್ಬ ರೋಗಿಯ ಬಳಿ ನಿಲ್ಲುವುದು ದಿನಕ್ಕೆ ಕೆಲವೇ ನಿಮಿಷಗಳು. ಉಳಿದ ವೇಳೆಯಲ್ಲೆಲ್ಲ, ಹಗಲೂ ಇರುಳೂ, ಆ ರೋಗಿಯ ಮೇಲೆ ಕಣ್ಣಿಟ್ಟಿರುವವರು ದಾದಿಯರು. ವೈದ್ಯರಿಲ್ಲದ ಆ ದೀರ್ಘಕಾಲದಲ್ಲಿ ರೋಗಿಯ ದೇಹದಲ್ಲಿ ಏನೇನು ನಡೆಯಿತೆಂಬುದಕ್ಕೆ ದಾದಿ ಬರೆದಿಟ್ಟ ಅಂಕಿಗಳೇ ಸಾಕ್ಷಿ. ಸಾಕ್ಷಿ ನಿಜವಾಗಿದ್ದರೆ ಚಿಕಿತ್ಸೆ ಸರಿಯಾದ ದಾರಿ ಹಿಡಿಯುತ್ತದೆ. ಸುಳ್ಳಾಗಿದ್ದರೆ ಎಂತಹ ನಿಪುಣ ವೈದ್ಯರೂ ದಾರಿ ತಪ್ಪುತ್ತಾರೆ. ಹೀಗಿದ್ದರೂ, ಶುಶ್ರೂಷೆಗೆ ಮೃದುವಾದ ಮನಸ್ಸು, ಸಹನೆ, ದುಡಿಯುವ ಕೈ ಇಷ್ಟಿದ್ದರೆ ಸಾಕೆಂಬ ಭಾವನೆ ನಮ್ಮ ಜನರಲ್ಲಿ ಬಲವಾಗಿ ಬೇರೂರಿದೆ. ಇವೆಲ್ಲ ಬೇಕೇ ಬೇಕು. ಆದರೆ ಇವುಗಳಿಂದಷ್ಟೇ ದಾದಿಯ ಕೆಲಸ ಸಾಗದು.

ಶುಶ್ರೂಷೆ ಎಂಬ ಮಾತನ್ನೇ ಬಿಡಿಸಿ ನೋಡೋಣ. ಕೇಳು ಎಂಬರ್ಥದ ಸಂಸ್ಕೃತ ಧಾತುವಿನಿಂದ ಅದು ಹುಟ್ಟಿದೆ. 'ಕೇಳಬೇಕೆಂಬ ಇಚ್ಛೆ' ಎಂಬುದೇ ಅದರ ಮೊದಲ ಅರ್ಥ. ಸೇವೆ, ಉಪಚಾರ ಎಂಬ ಅರ್ಥಗಳು ಅನಂತರ ಬಂದವು. ಚರಕ ಸಂಹಿತೆಯು ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿ, ಪರಿಚಾರಕನಲ್ಲಿ ಇರಬೇಕಾದ ಗುಣಗಳನ್ನೂ ಎಣಿಸುತ್ತದೆ. ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ ಇವು ಮೂರಕ್ಕೂ ಮುಂಚೆ ಅಲ್ಲಿ ಬರುವುದು ಉಪಚಾರದ ತಿಳಿವಳಿಕೆ. ಇಂದಿನ ಶುಶ್ರೂಷಾ ವಿದ್ಯಾರ್ಥಿಗಳೂ ಮೊದಲ ವರ್ಷದಲ್ಲಿಯೇ 'ನರ್ಸಿಂಗ್ ಫೌಂಡೇಷನ್' ಎಂಬ ವಿಷಯವನ್ನು ಅಭ್ಯಾಸ ಮಾಡುತ್ತಾರೆ. ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಆ ಪಾಠಗಳನ್ನು ತಿರುವಿದಾಗ ಹಳೆಯ ಪರಿಚಿತರ ಗುಂಪೇ ಎದುರಾದಂತಾಯಿತು: ದ್ರವಸ್ತಂಭದ ಒತ್ತಡ, ಘರ್ಷಣೆ, ಸನ್ನೆಕೋಲು, ಬೆಳಕಿನ ಹೀರಿಕೆ. ಈ ವೃತ್ತಿಯಲ್ಲಿ ಈಗ ಪುರುಷರೂ ಇದ್ದಾರೆ. ಈ ಲೇಖನದಲ್ಲಿ ದಾದಿ ಎಂದಾಗಲೆಲ್ಲ ಇಬ್ಬರೂ ಸೇರಿದ್ದಾರೆಂದು ವಾಚಕರು ತಿಳಿಯಬೇಕು.

ರಕ್ತದೊತ್ತಡವನ್ನು ಅಳೆಯುವ ಕೆಲಸವನ್ನೇ ಮೊದಲು ತೆಗೆದುಕೊಳ್ಳೋಣ. ತೋಳಿಗೆ ಗಾಳಿಪಟ್ಟಿಯನ್ನು ಸುತ್ತಿ ಒತ್ತಡವನ್ನು ಅಳೆಯುವ ಉಪಕರಣವನ್ನು ಇಟಲಿಯ ರೀವಾ ರೋಚ್ಚಿ 1896ರಲ್ಲಿ ಪ್ರಕಟಿಸಿದನು. ಅದಕ್ಕೆ ಕಿವಿಯನ್ನು ಕೂಡಿಸಿದವನು ರಷ್ಯದ ವೈದ್ಯ ಕೊರೊಟ್ಕಾಫ್. ಇದು 1905ರ ಮಾತು. ಪಟ್ಟಿಯಲ್ಲಿ ಗಾಳಿ ತುಂಬಿದಾಗ ತೋಳಿನ ಅಪಧಮನಿ ಪೂರ್ತಿಯಾಗಿ ಮುಚ್ಚಿಹೋಗುತ್ತದೆ. ಮೆಲ್ಲಗೆ ಗಾಳಿ ಬಿಟ್ಟರೆ ಒಂದು ಹಂತದಲ್ಲಿ, ಹೃದಯ ಮಿಡಿದ ಪ್ರತಿಯೊಂದು ಸಲವೂ, ರಕ್ತವು ಕಿರಿದಾದ ಸಂದಿಯಿಂದ ನುಗ್ಗಿ ಬರುತ್ತದೆ. ಕಾಲುವೆಯಲ್ಲಿ ಸದ್ದಿಲ್ಲದೆ ಹರಿಯುವ ನೀರು ಕೆರೆಯ ತೂಬಿನ ಬಾಯಲ್ಲಿ ಮೊರೆಯುವುದನ್ನು ನಾವೆಲ್ಲರೂ ಕೇಳಿದ್ದೇವೆ. ಇಲ್ಲಿಯೂ ಹಾಗೆಯೇ: ಹರಿವು ಕದಡಿ, ಸ್ಟೆತಾಸ್ಕೋಪಿನಲ್ಲಿ 'ಟಪ್ ಟಪ್' ಎಂಬ ಸದ್ದು ಕೇಳಿಬರುತ್ತದೆ. ಮೊದಲ ಸದ್ದು ಕೇಳಿದಾಗಿನ ಒತ್ತಡವೇ ಮೇಲಿನ ಅಂಕಿ. ಇನ್ನಷ್ಟು ಗಾಳಿ ಬಿಟ್ಟಂತೆ ರಕ್ತನಾಳ ಪೂರ್ತಿ ತೆರೆದುಕೊಂಡು, ಹರಿವು ಮತ್ತೆ ಶಾಂತವಾಗಿ, ಸದ್ದು ಅಡಗುತ್ತದೆ. ಅದು ಕೆಳಗಿನ ಅಂಕಿ.

ಇಷ್ಟನ್ನು ಕೈ ಬೇಗನೆ ಕಲಿತುಬಿಡುತ್ತದೆ. ಕಲಿಯುವುದು ಕಷ್ಟವಾದದ್ದು ಇದರ ಆಚೆಗಿದೆ. ವಾಚಕರು ಈಗಲೇ ಒಂದು ಪ್ರಯೋಗ ಮಾಡಬಹುದು. ಕೈಯನ್ನು ಕೆಳಗೆ ಇಳಿಬಿಟ್ಟು ಹಿಂಗೈಯ ನೀಲಿ ನರಗಳನ್ನು ನೋಡಿರಿ, ಅವು ಉಬ್ಬಿರುತ್ತವೆ. ಕೈಯನ್ನು ನಿಧಾನವಾಗಿ ತಲೆಯ ಮೇಲಕ್ಕೆ ಎತ್ತಿರಿ, ಅವು ಬತ್ತಿಹೋಗುತ್ತವೆ. ಹೃದಯದಿಂದ ಎಷ್ಟು ಕೆಳಗಿಳಿದರೆ ಅಷ್ಟು ಎತ್ತರದ ರಕ್ತಸ್ತಂಭದ ಭಾರ ಅಲ್ಲಿಯ ಒತ್ತಡಕ್ಕೆ ಕೂಡುತ್ತದೆ. ರಕ್ತವು ನೀರಿಗಿಂತ ತುಸುವೇ ಸಾಂದ್ರವಾದುದು, ಪಾದರಸವಾದರೋ ನೀರಿನ 13.6ರಷ್ಟು. ಲೆಕ್ಕ ಹಾಕಿದರೆ ಪ್ರತಿ ಸೆಂಟಿಮೀಟರಿಗೆ ಮುಕ್ಕಾಲು ಮಿಲಿಮೀಟರು ಪಾದರಸಕ್ಕಿಂತ ಸ್ವಲ್ಪ ಹೆಚ್ಚು ಬರುತ್ತದೆ. ಅಂದರೆ ರೋಗಿಯ ತೋಳು ಹೃದಯದ ಮಟ್ಟಕ್ಕಿಂತ 15 ಸೆಂಟಿಮೀಟರು ಕೆಳಗೆ ಜೋತಾಡುತ್ತಿದ್ದರೆ ಒತ್ತಡವು ಸುಮಾರು 12 ಮಿಲಿಮೀಟರಿನಷ್ಟು ಅಧಿಕವಾಗಿ ಕಾಣುತ್ತದೆ. ನಿಜವಾಗಿ 130 ಇದ್ದುದು 142 ಆಗುತ್ತದೆ. ಬಹುಕಾಲದಿಂದ ರೂಢಿಯಲ್ಲಿರುವ 140ರ ಗೆರೆಯನ್ನು ದಾಟುತ್ತದೆ. ಉಪಕರಣದಲ್ಲಿ ದೋಷವಿಲ್ಲ, ಕಿವಿಯಲ್ಲಿ ದೋಷವಿಲ್ಲ. ಆದರೂ ಆರೋಗ್ಯವಂತನೊಬ್ಬನು ವರ್ಷಗಟ್ಟಲೆ ಮಾತ್ರೆ ನುಂಗುವಂತೆ ಆಗಬಹುದು. ತೋಳನ್ನು ಮೇಜಿನ ಮೇಲೆ ಹೃದಯದ ಮಟ್ಟಕ್ಕೆ ಇರಿಸಬೇಕು, ರೋಗಿ ಐದು ನಿಮಿಷ ಸುಮ್ಮನೆ ಕುಳಿತಿರಬೇಕು, ಅಳೆಯುವಾಗ ಮಾತನಾಡಬಾರದು, ದಪ್ಪ ತೋಳಿಗೆ ಚಿಕ್ಕ ಪಟ್ಟಿಯನ್ನು ಕಟ್ಟಬಾರದು ಎಂಬ ನಿಯಮಗಳು ಕೇವಲ ಶಿಸ್ತಿಗಾಗಿ ಹುಟ್ಟಿದವುಗಳಲ್ಲ.

ಜ್ವರ ನೋಡುವ ವಿಚಾರ ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ಸಂಕ್ಷೇಪವಾಗಿ ಹೇಳಿ ಮುಂದುವರಿಯುತ್ತೇವೆ. ಜರ್ಮನಿಯ ವುಂಡರ್ಲಿಕ್ ಸಾವಿರಾರು ರೋಗಿಗಳ ಉಷ್ಣತೆಯನ್ನು ಅಳೆದು 1868ರಲ್ಲಿ ಗ್ರಂಥ ಬರೆದನು. ಆ ಕಾಲದ ಜ್ವರಮಾಪಕಗಳು ಒಂದು ಅಡಿಯಷ್ಟು ಉದ್ದವಾಗಿದ್ದವು. ಅವನ್ನು ಗಿಡ್ಡಗೊಳಿಸಿ ಜೇಬಿಗೆ ತಂದವನು ಇಂಗ್ಲೆಂಡಿನ ಆಲ್‌ಬಟ್. ಪಾದರಸದ ವಿಷವನ್ನು ತಡೆಯಲು 2013ರಲ್ಲಿ ಮಿನಮಾಟ ಒಪ್ಪಂದವಾದ ಮೇಲೆ ಗಾಜಿನ ಕೊಳವೆಗಳು ಮರೆಯಾಗುತ್ತ ಬಂದು, ಅಂಕಿ ತೋರಿಸುವ ವಿದ್ಯುನ್ಮಾನ ಮಾಪಕಗಳು ಬಳಕೆಗೆ ಬಂದಿವೆ.

ಅಂಕಿ ತಾನಾಗಿ ಮೂಡುವ ಉಪಕರಣಗಳ ವಿಷಯದಲ್ಲಿ ಒಂದು ಅಪಾಯವುಂಟು: ಅವನ್ನು ಯಾರೂ ಪ್ರಶ್ನಿಸುವುದಿಲ್ಲ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ಕೋವಿಡ್ ಕಾಲದಲ್ಲಿ ಮನೆಮನೆಯವರೂ ಕಂಡರು. ಜಪಾನಿನ ತಕುವೊ ಅವೊಯಾಗಿ 1970ರ ದಶಕದಲ್ಲಿ ಇದರ ತತ್ತ್ವವನ್ನು ರೂಪಿಸಿದನು. ಆಮ್ಲಜನಕವನ್ನು ಹೊತ್ತ ರಕ್ತವೂ ಹೊರದ ರಕ್ತವೂ ಕೆಂಪು ಬೆಳಕನ್ನೂ ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನೂ ಬೇರೆಬೇರೆ ಪ್ರಮಾಣಗಳಲ್ಲಿ ಹೀರುತ್ತವೆ. ಆ ಎರಡರ ಅನುಪಾತದಿಂದ ಯಂತ್ರವು ಆಮ್ಲಜನಕದ ಮಟ್ಟವನ್ನು ಊಹಿಸುತ್ತದೆ. ಊಹಿಸುತ್ತದೆ ಎಂದೇ ನಾವು ಹೇಳುತ್ತೇವೆ. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ, ಲೆಕ್ಕ ಕೆಡಬಹುದು. ಇದಕ್ಕಿಂತ ದೊಡ್ಡ ಸಂಗತಿಯೊಂದು 2020ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಿಂದ ಎಲ್ಲರ ಗಮನಕ್ಕೆ ಬಂದಿತು: ರಕ್ತದಲ್ಲಿ ಆಮ್ಲಜನಕ ಅಪಾಯಕರವಾಗಿ ಕಡಿಮೆಯಾಗಿದ್ದರೂ ಯಂತ್ರವು ಎಲ್ಲ ಸರಿಯಾಗಿದೆ ಎಂದು ತೋರಿಸಿದ ಪ್ರಸಂಗಗಳು ಬಿಳಿಯರಲ್ಲಿ ಇದ್ದುದಕ್ಕಿಂತ ಸುಮಾರು ಮೂರು ಪಟ್ಟು ಹೆಚ್ಚಾಗಿ ಕಪ್ಪು ವರ್ಣದ ರೋಗಿಗಳಲ್ಲಿ ಕಂಡುಬಂದವು. ಕಪ್ಪು, ಕಂದು ಮೈಬಣ್ಣದ ಕೋಟ್ಯಂತರ ಜನರಿರುವ ನಮ್ಮ ದೇಶದ ದಾದಿಗೆ ಇದು ದೂರದ ಸುದ್ದಿಯಲ್ಲ. ಯಂತ್ರ 95 ಎಂದರೂ ರೋಗಿ ಏದುಸಿರು ಬಿಡುತ್ತಿದ್ದರೆ, ನಂಬಬೇಕಾದ್ದು ರೋಗಿಯನ್ನು.

ಜನರು ಬಾಯಿಮಾತಿನಲ್ಲಿ 'ಗ್ಲೂಕೋಸ್ ಹಾಕುವುದು' ಎನ್ನುವ ಡ್ರಿಪ್ಪಿನ ಕಡೆಗೆ ಈಗ ಬರೋಣ. ಬಾಟಲಿಯನ್ನು ರೋಗಿಗಿಂತ ಸುಮಾರು ಒಂದು ಮೀಟರು ಎತ್ತರದಲ್ಲಿ ತೂಗುಹಾಕುತ್ತಾರೆ. ಆ ಎತ್ತರದ ದ್ರವಸ್ತಂಭದ ಒತ್ತಡ 73 ಮಿಲಿಮೀಟರು ಪಾದರಸಕ್ಕೆ ಸಮ. ಅಭಿಧಮನಿಯೊಳಗಿನ ಒತ್ತಡ ಇದಕ್ಕಿಂತ ಬಹಳ ಕಡಿಮೆ. ಆದುದರಿಂದ ದ್ರವ ಒಳಕ್ಕೆ ಹರಿಯುತ್ತದೆ. ಬಾಟಲಿಯನ್ನು ಕೆಳಗಿಟ್ಟರೆ ರಕ್ತವೇ ಕೊಳವೆಯೊಳಕ್ಕೆ ಏರಿ ಬಂದು ಮನೆಯವರು ಗಾಬರಿಗೊಳ್ಳುವುದು ಈ ಕಾರಣದಿಂದಲೇ. ರೋಗಿ ಎದ್ದು ಕುಳಿತರೂ ಎತ್ತರದ ವ್ಯತ್ಯಾಸ ತಗ್ಗಿ ಹನಿಗಳು ನಿಧಾನವಾಗುತ್ತವೆ. ಎಷ್ಟು ಹನಿ ಬೀಳಬೇಕು? ವೈದ್ಯರು 500 ಮಿಲಿಲೀಟರನ್ನು 4 ಗಂಟೆಗಳಲ್ಲಿ ಕೊಡಲು ಬರೆದಿದ್ದಾರೆನ್ನೋಣ. 20 ಹನಿಗೆ ಒಂದು ಮಿಲಿಲೀಟರು ಆಗುವ ಕೊಳವೆಯಾದರೆ ಒಟ್ಟು 10,000 ಹನಿ, 240 ನಿಮಿಷ. ನಿಮಿಷಕ್ಕೆ ಸುಮಾರು 42. ಮಕ್ಕಳಿಗಾಗಿ ಬಳಸುವ ಸಣ್ಣ ಹನಿಯ ಕೊಳವೆಯಲ್ಲಿ 60 ಹನಿಗೆ ಒಂದು ಮಿಲಿಲೀಟರು. ಅದರಲ್ಲಿ ಲೆಕ್ಕ ಇನ್ನೂ ಸುಲಭ: ಗಂಟೆಗೆ ಎಷ್ಟು ಮಿಲಿಲೀಟರು ಬೇಕೋ ನಿಮಿಷಕ್ಕೆ ಅಷ್ಟೇ ಹನಿ. ಒಂದು ಕೊಳವೆಯ ಲೆಕ್ಕವನ್ನು ಇನ್ನೊಂದಕ್ಕೆ ಹಚ್ಚಿದರೆ ದ್ರವವು ಮೂರು ಪಟ್ಟು ಹೆಚ್ಚು ಅಥವಾ ಮೂರರಲ್ಲಿ ಒಂದು ಭಾಗ ಒಳಹೋಗುತ್ತದೆ. ಬಲಹೀನ ಹೃದಯದವನಿಗೆ ಹೆಚ್ಚಾದ ದ್ರವವು ಶ್ವಾಸಕೋಶಗಳಲ್ಲಿ ತುಂಬಿಕೊಂಡು ಪ್ರಾಣಕ್ಕೇ ಸಂಚಕಾರ ತರಬಹುದು. ಗುಣಾಕಾರ ಭಾಗಾಕಾರಗಳನ್ನು ಹಗುರವಾಗಿ ಕಾಣುವ ವಿದ್ಯಾರ್ಥಿಗಳಿಗೆ ಈ ಉದಾಹರಣೆಯನ್ನು ನಾವು ಆಗಾಗ್ಗೆ ಹೇಳುವುದುಂಟು.

ಇವೆಲ್ಲಕ್ಕಿಂತ ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಹಾಸಿಗೆ ಹುಣ್ಣು. ಏಳಲಾರದೆ ಮಲಗಿದವರ ಬೆನ್ನು, ಸೊಂಟ, ಹಿಮ್ಮಡಿಗಳಲ್ಲಿ ಈ ಹುಣ್ಣು ಏಳುತ್ತದೆ, ಎಲುಬಿನವರೆಗೂ ಕೊರೆಯಬಲ್ಲದು. ಇದರ ಮೂಲ ಶುದ್ಧ ಯಂತ್ರಶಾಸ್ತ್ರದ್ದು. ಚರ್ಮದ ಲೋಮನಾಳಗಳಲ್ಲಿ ರಕ್ತದ ಒತ್ತಡ ಬಹಳ ಕಡಿಮೆ. 1930ರಲ್ಲಿ ಲ್ಯಾಂಡಿಸ್ ಎಂಬ ವಿಜ್ಞಾನಿ ಆರೋಗ್ಯವಂತರ ಬೆರಳಿನಲ್ಲಿ ಅಳೆದಾಗ ಅದು, ರಕ್ತ ಒಳಬರುವ ತುದಿಯಲ್ಲಿ, ಸುಮಾರು 32 ಮಿಲಿಮೀಟರು ಪಾದರಸವಿತ್ತು. ಚದರ ಸೆಂಟಿಮೀಟರಿಗೆ 43 ಗ್ರಾಮಿನ ಭಾರವಿಟ್ಟಂತೆ! ಹೊರಗಿನ ಒತ್ತಡ ಇದನ್ನು ಮೀರಿ ಬಹು ಹೊತ್ತು ನಿಂತರೆ ಲೋಮನಾಳಗಳು ಮುಚ್ಚಿ, ಅಲ್ಲಿನ ಮಾಂಸ ಉಸಿರುಗಟ್ಟಿ ಸಾಯತೊಡಗುತ್ತದೆ. ದೇಹದ ತೂಕ ಹಾಸಿಗೆಯ ಮೇಲೆ ಸಮನಾಗಿ ಹರಡಿದ್ದರೆ ತೊಂದರೆಯಿರಲಿಲ್ಲ. ಆದರೆ ಅದು ಎಲುಬು ಉಬ್ಬಿರುವ ಕೆಲವೇ ಸ್ಥಳಗಳಲ್ಲಿ ಕೇಂದ್ರೀಕರಿಸುತ್ತದೆ. ನಾವು ನಿದ್ದೆಯಲ್ಲಿ ಅರಿವಿಲ್ಲದೆಯೇ ಹೊರಳುತ್ತೇವೆ. ಹೊರಳಲಾರದವನ ಪಾಲಿಗೆ ದಾದಿಯೇ ಆ ಹೊರಳು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಹಳೆಯ ನಿಯಮ. ಈಗ ರೋಗಿಯ ಸ್ಥಿತಿಯನ್ನೂ ಹಾಸಿಗೆಯ ಬಗೆಯನ್ನೂ ನೋಡಿ ಅವಧಿಯನ್ನು ಗೊತ್ತುಮಾಡುತ್ತಾರೆ.

ಒತ್ತಡಕ್ಕಿಂತ ಕುತಂತ್ರಿಯಾದ ಇನ್ನೊಂದು ಬಲವಿದೆ. ಮಂಚದ ತಲೆಯ ಭಾಗವನ್ನು ಬಹಳ ಎತ್ತರಿಸಿದಾಗ ರೋಗಿಯ ದೇಹ ಮೆಲ್ಲಗೆ ಕೆಳಜಾರಲು ತೊಡಗುತ್ತದೆ. ಘರ್ಷಣೆಯಿಂದಾಗಿ ಚರ್ಮ ಹೊದಿಕೆಗೆ ಅಂಟಿಕೊಂಡಿರುತ್ತದೆ; ಎಲುಬು ಮಾತ್ರ ಜಾರುತ್ತದೆ. ನಡುವೆ ಸಿಕ್ಕಿದ ರಕ್ತನಾಳಗಳು ಎಳೆದು ತಿರುಚಿಕೊಳ್ಳುತ್ತವೆ. ಆದುದರಿಂದಲೇ ಸಾಧ್ಯವಿದ್ದಲ್ಲಿ 30 ಡಿಗ್ರಿಗಿಂತ ಹೆಚ್ಚು ಎತ್ತರಿಸಬಾರದು, ರೋಗಿಯನ್ನು ಎಳೆಯದೆ ಎತ್ತಿ ಸರಿಸಬೇಕು ಎಂದು ಕಲಿಸುತ್ತಾರೆ. ಹುಣ್ಣಿನ ಮೊದಲ ಸೂಚನೆ ಬೆರಳಿನಿಂದ ಒತ್ತಿದರೂ ಮಾಸದ ಕೆಂಪು ಎಂದು ಪುಸ್ತಕಗಳು ಹೇಳುತ್ತವೆ. ಈ ಮಾತು ಬಿಳಿಯ ಚರ್ಮವನ್ನು ನೋಡಿ ಬರೆದದ್ದು. ಕಪ್ಪು ಚರ್ಮದಲ್ಲಿ ಆ ಕೆಂಪು ಕಾಣಿಸದೇ ಹೋಗಬಹುದು; ಸುತ್ತಲಿನದಕ್ಕಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ, ನೋಯುತ್ತದೆಯೇ ಎಂದು ಕೈಯಿಂದ ಮುಟ್ಟಿ, ರೋಗಿಯನ್ನು ಕೇಳಿ ತಿಳಿಯಬೇಕು.

ರೋಗಿಯನ್ನು ಎತ್ತುವ ದಾದಿಯ ಬೆನ್ನಿಗೂ ಭೌತನಿಯಮಗಳು ಅನ್ವಯಿಸುತ್ತವೆ. ಬೆನ್ನಿನ ಸ್ನಾಯುಗಳು ಬೆನ್ನೆಲುಬಿನ ನಡುವಿನಿಂದ 5 ಸೆಂಟಿಮೀಟರಿನಷ್ಟು ದೂರದಲ್ಲಿ ಎಳೆಯುತ್ತವೆ. ಬಾಗಿ, 50 ಸೆಂಟಿಮೀಟರು ಮುಂದಕ್ಕೆ ಕೈಚಾಚಿ 10 ಕಿಲೋಗ್ರಾಮನ್ನು ಎತ್ತಿದರೆ ಆ ಸ್ನಾಯುಗಳಿಗೆ 100 ಕಿಲೋಗ್ರಾಮಿನ ಎಳೆತ ಬೀಳುತ್ತದೆ. ಭಾರವನ್ನು ಮೈಗೆ ಹತ್ತಿರ ತಂದು, ಮೊಣಕಾಲು ಬಾಗಿಸಿ, ಇಬ್ಬರು ಸೇರಿ ಎತ್ತಬೇಕು. ದಾದಿಯರ ಸಂಖ್ಯೆ ಸಾಲದ ವಾರ್ಡುಗಳಲ್ಲಿ ಆ ಇನ್ನೊಬ್ಬರು ಎಲ್ಲಿಂದ ಬರಬೇಕು ಎಂಬುದು ಸನ್ನೆಕೋಲಿನ ಪಾಠದಿಂದ ಬಗೆಹರಿಯುವ ಪ್ರಶ್ನೆಯಲ್ಲ.

ಅಂಕಿಗಳ ಮಾತಿಗೆ ಹಿಂದಿರುಗೋಣ. ಫ್ಲಾರೆನ್ಸ್ ನೈಟಿಂಗೇಲಳನ್ನು ಎಲ್ಲರೂ ದೀಪ ಹಿಡಿದ ಮಹಿಳೆಯಾಗಿ ಬಲ್ಲರು. ಆಕೆ 1854ರ ನವೆಂಬರಿನಲ್ಲಿ ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಬಂದಳು. ಆದರೂ ಆ ಚಳಿಗಾಲದಲ್ಲಿ ಸಾವುಗಳು ತಗ್ಗದೆ ಏರಿದವು. 1855ರ ವಸಂತದಲ್ಲಿ ನೈರ್ಮಲ್ಯ ಆಯೋಗವೊಂದು ಬಂದು ಚರಂಡಿಗಳನ್ನು ತೊಳೆಸಿ, ಗಾಳಿಯಾಡುವಂತೆ ಮಾಡಿದ ಮೇಲೆ ಸಾವಿನ ಪ್ರಮಾಣ ಥಟ್ಟನೆ ಇಳಿಯಿತು. ಯುದ್ಧ ಮುಗಿದ ಬಳಿಕ ಆಕೆ ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರನ ನೆರವಿನಿಂದ ದಾಖಲೆಗಳನ್ನು ಕೂಡಿಸಿ ನೋಡಿದಾಗ, ಬಹುಮಂದಿ ಸೈನಿಕರು ಸತ್ತದ್ದು ಗಾಯಗಳಿಂದಲ್ಲ, ತಡೆಯಬಹುದಾಗಿದ್ದ ರೋಗಗಳಿಂದ ಎಂಬುದು ಸ್ಪಷ್ಟವಾಯಿತು. 1858ರಲ್ಲಿ ಅದನ್ನು ವರ್ತುಲಾಕಾರದ ಬಣ್ಣದ ಚಿತ್ರಗಳಲ್ಲಿ ಪ್ರಕಟಿಸಿ ಸರಕಾರದ ಕಣ್ಣು ತೆರೆಸಿದಳು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವಳ ಶುಶ್ರೂಷಾ ಶಾಲೆ ತೆರೆಯಿತು. ದೀಪದ ಜೊತೆಗೆ ಲೆಕ್ಕದ ಪುಸ್ತಕವನ್ನೂ ಅವಳ ಚಿತ್ರದಲ್ಲಿ ಬರೆಯಬೇಕಾಗಿತ್ತೆಂದು ನಮ್ಮ ಅಭಿಪ್ರಾಯ.

ಮಂಚಕ್ಕೆ ತೂಗುಹಾಕಿದ ಪಟ್ಟಿಯಲ್ಲಿ ಅತ್ಯಂತ ಅನಾದರಕ್ಕೆ ಗುರಿಯಾದ ಅಂಕಿ ಉಸಿರಾಟದ್ದು. ಅದಕ್ಕೆ ಯಂತ್ರ ಬೇಡ, ಗಡಿಯಾರವೊಂದಿದ್ದರೆ ಸಾಕು. ಬಹುಶಃ ಆದುದರಿಂದಲೇ, ಎಣಿಸದೆಯೇ ರೂಢಿಯಂತೆ 18 ಅಥವಾ 20 ಎಂದು ಬರೆಯುವ ಪ್ರಲೋಭನೆ ಬಹಳ. ಎಣಿಸುವುದರಲ್ಲಿಯೂ ಒಂದು ಸೂಕ್ಷ್ಮವಿದೆ: ತನ್ನ ಉಸಿರನ್ನು ಯಾರೋ ಎಣಿಸುತ್ತಿದ್ದಾರೆಂದು ತಿಳಿದೊಡನೆ ರೋಗಿಯ ಉಸಿರಾಟದ ಲಯವೇ ಬದಲಾಗುತ್ತದೆ. ಅದಕ್ಕಾಗಿ ಅನುಭವಿ ದಾದಿಯು ನಾಡಿ ಹಿಡಿದಂತೆಯೇ ಮಣಿಕಟ್ಟಿನ ಮೇಲೆ ಬೆರಳಿಟ್ಟುಕೊಂಡು ಪೂರ್ತಿ ಒಂದು ನಿಮಿಷ ಎದೆಯ ಏರಿಳಿತವನ್ನು ಎಣಿಸುತ್ತಾಳೆ. ವಯಸ್ಕರಿಗೆ ನಿಮಿಷಕ್ಕೆ 12ರಿಂದ 20 ಸಹಜ. ಆಮ್ಲಜನಕ ಸಾಲದಾದಾಗ, ಸೋಂಕು ರಕ್ತಕ್ಕೆ ಇಳಿದಾಗ, ದೇಹವು ಬೇರಾವುದೂ ಕೆಡುವ ಮೊದಲೇ ಉಸಿರನ್ನು ತೀವ್ರಗೊಳಿಸಿ ಸರಿದೂಗಿಸಲು ಯತ್ನಿಸುವುದುಂಟು. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಜಿಷಿಯನ್ಸ್ ಸಂಸ್ಥೆಯು 2012ರಲ್ಲಿ ಹೊರತಂದ ಮುನ್ನೆಚ್ಚರಿಕೆಯ ಅಂಕಪದ್ಧತಿಯಲ್ಲಿ ಉಸಿರಾಟ 25 ಅಥವಾ ಹೆಚ್ಚಾದರೆ, ಆ ಒಂದಕ್ಕೇ ಗರಿಷ್ಠವಾದ 3 ಅಂಕಗಳನ್ನು ಕೊಟ್ಟಿದ್ದಾರೆ.

ನ್ಯುಮೋನಿಯಾದಿಂದ ಚೇತರಿಸಿಕೊಳ್ಳುತ್ತಿರುವ ಒಬ್ಬ ರೋಗಿಯನ್ನು ಕಲ್ಪಿಸಿಕೊಳ್ಳೋಣ. ರಾತ್ರಿ ಎರಡು ಗಂಟೆಗೆ ಎಣಿಸಿದಾಗ 18, ನಾಲ್ಕಕ್ಕೆ 22, ಆರಕ್ಕೆ 26. ಜ್ವರವಿಲ್ಲ, ರಕ್ತದೊತ್ತಡದಲ್ಲಿ ಬದಲಾವಣೆಯಿಲ್ಲ. "ಏನೂ ಇಲ್ಲ ಸಿಸ್ಟರ್, ಚೆನ್ನಾಗಿದ್ದೇನೆ" ಎನ್ನುತ್ತಾನೆ ಆತ. ದಾದಿ ಮತ್ತೊಮ್ಮೆ ಪೂರ್ತಿ ಒಂದು ನಿಮಿಷ ಎಣಿಸುತ್ತಾಳೆ, 26 ಎಂದೇ ಬರೆಯುತ್ತಾಳೆ, ಬೆಳಗಿನ ಸರದಿಯವರು ಬರುವವರೆಗೆ ಕಾಯದೆ ವೈದ್ಯರಿಗೆ ಫೋನು ಮಾಡುತ್ತಾಳೆ.