ಬೆನ್ನೆಲುಬಿನ ಬಿಲ್ಲೆಗಳೂ ಆಮ್ಲಜನಕವೂ

ಬಂಟ್ವಾಳದಿಂದ ಬೆಳ್ತಂಗಡಿಗಾಗಲಿ ಮೂಡಬಿದಿರೆಗಾಗಲಿ ಹೋಗುವವರು ಮುರಕಲ್ಲನ್ನು ಲಾರಿಗೆ ಹೇರುವ ಆಳುಗಳನ್ನು ಕಂಡಿರಬಹುದು. ಕಲ್ಲಿನ ಆ ಕೆಂಪು, ಕಬ್ಬಿಣವು ಆಮ್ಲಜನಕದೊಡನೆ ಕೂಡಿದುದರ ಗುರುತು. ಕಲ್ಲೆತ್ತುವವನ ಸೊಂಟದೊಳಗೂ ಆಮ್ಲಜನಕವು ಇಂಥದೇ ಕೆಲಸವನ್ನು ನಡೆಸುತ್ತಿರುವುದೆಂದರೆ ಓದುಗರಿಗೆ ಸೋಜಿಗವಾದೀತು.

ಬೆನ್ನೆಲುಬಿನ ಮಣಿಗಳ ನಡುವೆ 23 ಮೆತ್ತನೆಯ ಬಿಲ್ಲೆಗಳಿವೆ. ವೈದ್ಯರು ಡಿಸ್ಕ್ ಎನ್ನುವುದು ಇವನ್ನೇ. ಎಳೆಯ ವಯಸ್ಸಿನಲ್ಲಿ ಇವುಗಳ ತಿರುಳಿನ ನೂರಕ್ಕೆ 80ರಷ್ಟು ಭಾಗ ಬರಿಯ ನೀರು. ಆ ನೀರನ್ನು ಹಿಡಿದಿಡುವ ದೊಡ್ಡ ಅಣುಗಳನ್ನು ಅಲ್ಲಿನ ಜೀವಕೋಶಗಳು ತಯಾರಿಸುತ್ತವೆ. ಆದರೆ ಪ್ರಾಯದವರ ಬಿಲ್ಲೆಯ ತಿರುಳಿನಲ್ಲಿ ರಕ್ತನಾಳವೇ ಇಲ್ಲ! ಸಕ್ಕರೆಯೂ ಆಮ್ಲಜನಕವೂ ಮೇಲಣ ಕೆಳಗಣ ಮೂಳೆಗಳಿಂದ ಒಸರಿ ಬರಬೇಕು. ನಡುವಣ ಕೋಶಕ್ಕೆ ಅದು 6ರಿಂದ 8 ಮಿಲಿಮೀಟರುಗಳ ದಾರಿ. ಅಲ್ಪವೆನ್ನಬೇಡಿ, ವಿಸರಣದಲ್ಲಿ ದೂರ ಇಮ್ಮಡಿಯಾದರೆ ಕಾಲ ನಾಲ್ಮಡಿಯಾಗುವುದು.

ವಯಸ್ಸಿನೊಡನೆ ಈ ದಾರಿ ಮುಚ್ಚುತ್ತ ಬಂದಂತೆ ಕೋಶಗಳು ಬಳಲುತ್ತವೆ. ಅವುಗಳ ಮೈಟೊಕಾಂಡ್ರಿಯಗಳಿಂದ ಆಮ್ಲಜನಕದ ಅತಿ ಚುರುಕಾದ ಸಂಯುಕ್ತಗಳು ಸೋರುತ್ತವೆ. ಇವನ್ನು ತಣಿಸುವ ವಸ್ತುಗಳು ಕೋಶದಲ್ಲಿಯೇ ಇವೆ. ಅವು ಸಾಲದಾದ ಸ್ಥಿತಿಗೆ ಉತ್ಕರ್ಷಣ ಒತ್ತಡವೆಂದು ಹೆಸರು. ಆಗ ನೀರು ಹಿಡಿಯುವ ಅಣುಗಳು ಒಡೆದು ಬಿಲ್ಲೆ ಒಣಗುವುದು, ಕುಗ್ಗುವುದು.

ಔಷಧವಿಲ್ಲವೆ? ಎನ್-ಅಸಿಟೈಲ್ ಸಿಸ್ಟೀನ್ ಎಂಬ ಉತ್ಕರ್ಷಣನಿರೋಧಕವನ್ನು ಕುಡಿಸಿದ ಇಲಿಗಳಲ್ಲಿ ಸವೆತ ನಿಧಾನವಾಯಿತೆಂದು ಜಪಾನಿನ ಸಂಶೋಧಕರು 2015ರಲ್ಲಿ ವರದಿಮಾಡಿದರು. ಮನುಷ್ಯರಲ್ಲಿ ಹೀಗೆ ಗುಣ ತೋರಿದುದೆಂದು ಸಿದ್ಧವಾದ ಗುಳಿಗೆ ಇನ್ನೂ ಇಲ್ಲ. ಅಂಗಡಿಯ ಸೀಸೆಗಳ ಮೇಲಣ ಬರಹವನ್ನು ನಂಬಿ ಕೂಲಿಯ ಹಣ ಕಳೆಯುವುದು ತರವಲ್ಲ.

ಇನ್ನು ಧೂಮಪಾನ. ಒಬ್ಬ ಸೇದುವ, ಇನ್ನೊಬ್ಬ ಸೇದದ ಅವಳಿಗಳನ್ನು ಪರೀಕ್ಷಿಸಿದ 1991ರ ಅಧ್ಯಯನದಲ್ಲಿ, ಸೇದುವವರ ಸೊಂಟದ ಬಿಲ್ಲೆಗಳ ಸವೆತ ನೂರಕ್ಕೆ 18ರಷ್ಟು ಹೆಚ್ಚಾಗಿತ್ತು. ಬೀಡಿ ಸೇದುವವರ ಮಾತು ಇದಾಯಿತು. ಬೀಡಿ ಕಟ್ಟುವವರ ಕಷ್ಟ ಬೇರೆ. ಮೊರವನ್ನು ತೊಡೆಯ ಮೇಲಿಟ್ಟು ಬಾಗಿಯೇ ಕುಳಿತರೆ ಬಿಲ್ಲೆಗೆ ಬಿಡುವೆಲ್ಲಿ? ಮಿತಿಮೀರಿದ ಒತ್ತಡಕ್ಕೊಳಗಾದ ಕೋಶಗಳಲ್ಲಿ ಆ ಚುರುಕು ಸಂಯುಕ್ತಗಳು ಹೆಚ್ಚುವುದನ್ನು ಪ್ರಯೋಗಾಲಯಗಳಲ್ಲಿ ಕಂಡಿದ್ದಾರೆ.

ಒತ್ತಡವೆಷ್ಟೆಂಬುದನ್ನು ಜರ್ಮನಿಯಲ್ಲಿ ಒಬ್ಬ ಸ್ವಯಂಸೇವಕನ ಬಿಲ್ಲೆಯೊಳಗೇ ಉಪಕರಣವಿಟ್ಟು ಅಳೆದು 1999ರಲ್ಲಿ ಪ್ರಕಟಿಸಿದರು. ನಿಂತಾಗ ಸುಮಾರು 5 ವಾಯುಭಾರ. ಬಾಗಿ ಕುಳಿತಾಗ 8. ಬೆನ್ನು ಬಗ್ಗಿಸಿ 20 ಕಿಲೋ ಎತ್ತಿದಾಗ 23. ಮೊಣಕಾಲು ಮಡಿಸಿ ಎತ್ತಿದಾಗ 17. ಇದು ಸನ್ನೆಕೋಲಿನ ಲೆಕ್ಕ. ಬೆನ್ನಿನ ಸ್ನಾಯು ಬಿಲ್ಲೆಯ ನಡುವಿನಿಂದ ಸುಮಾರು 5 ಸೆಂಟಿಮೀಟರ್ ದೂರದಲ್ಲಿದೆ. ಕಲ್ಲು 50 ಸೆಂಟಿಮೀಟರ್ ಮುಂದಿದ್ದರೆ, ಅದರ ತೂಕದ ಹತ್ತರಷ್ಟು ಬಲದಿಂದ ಸ್ನಾಯು ಎಳೆಯಬೇಕು. ಕಲ್ಲನ್ನು ಮೈಗೆ ಒತ್ತಿ ಹಿಡಿದಷ್ಟೂ ಆ ಬಲ ಇಳಿಯುವುದು.

ಅದೇ ಮನುಷ್ಯ ಮಲಗಿದಾಗ ಒತ್ತಡ 1 ವಾಯುಭಾರಕ್ಕೆ ಇಳಿದಿತ್ತು, ಬೆಳಗಾಗುವಾಗ 2.4ಕ್ಕೆ ಏರಿತ್ತು. ರಾತ್ರಿಯೆಲ್ಲ ಬಿಲ್ಲೆ ನೀರು ಕುಡಿದು ಉಬ್ಬಿತ್ತು. ಎದ್ದ ಮೊದಲ ಗಂಟೆಯಲ್ಲಿ ಸೊಂಟ ಬಗ್ಗಿಸಿ ಕಲ್ಲೆತ್ತದಿರುವುದು ಲೇಸೆನ್ನುವುದಕ್ಕೆ ಇದೇ ಕಾರಣ.