ನಿಮಗಿದು ಗೊತ್ತೇ? ಬೆಂಗಳೂರು ಉಂಡ ಸಾರಜನಕ ಎಲ್ಲಿಗೆ ಹೋಗುತ್ತದೆ

ಗಾಳಿಯಲ್ಲಿ ಶೇ 78ರಷ್ಟು ಸಾರಜನಕವೇ ಇದ್ದರೂ ಭತ್ತ, ರಾಗಿಗಳಿಗೆ ಅದನ್ನು ನೇರವಾಗಿ ಹೀರಿಕೊಳ್ಳಲು ಆಗದು. ಅದಕ್ಕೇ ಯೂರಿಯಾ. 45 ಕಿಲೋ ಮೂಟೆಯಲ್ಲಿ ಸುಮಾರು 20.7 ಕಿಲೋ ಸಾರಜನಕ ಇರುತ್ತದೆ. ಗದ್ದೆಗೆ ಎರಚಿದ್ದರಲ್ಲಿ ಬೆಳೆಗೆ ದಕ್ಕುವುದು ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ. ಉಳಿದದ್ದು ಗಾಳಿಗೆ, ನಾಲೆಗೆ, ಅಂತರ್ಜಲಕ್ಕೆ.

ದಕ್ಕಿದ್ದು ಅಕ್ಕಿ, ಬೇಳೆ, ಹಾಲಾಗಿ ಬೆಂಗಳೂರಿಗೆ ಬರುತ್ತದೆ. ಪ್ರೋಟೀನಿನಲ್ಲಿ ಶೇ 16ರಷ್ಟು ಸಾರಜನಕ. ದಿನಕ್ಕೆ 60 ಗ್ರಾಂ ಪ್ರೋಟೀನ್ ಉಣ್ಣುವವರ ಮೈಯಿಂದ ವರ್ಷಕ್ಕೆ ಮೂರೂವರೆ ಕಿಲೋ ಸಾರಜನಕ ಹೊರಬೀಳುತ್ತದೆ, ಬಹುಪಾಲು ಮೂತ್ರದಲ್ಲಿ. ಒಂದು ಕೋಟಿ ಜನರಿಗೆ ಲೆಕ್ಕ ಹಾಕಿ: ಸುಮಾರು 17 ಲಕ್ಷ ಮೂಟೆ ಯೂರಿಯಾ! ರೈತರು ಗೊಬ್ಬರಕ್ಕೆ ಸಾಲುಗಟ್ಟಿ ನಿಲ್ಲುವ ನಾಡಿನಲ್ಲಿ ಇಷ್ಟನ್ನು ಚರಂಡಿಗೆ ಬಿಡುವುದು ಸಂಕಟದ ಮಾತು.

ಬೆಂಗಳೂರು ದಿಣ್ಣೆಯ ಮೇಲಿನ ಊರು. ಪಶ್ಚಿಮದ ಕೊಳಚೆ ವೃಷಭಾವತಿ, ಅರ್ಕಾವತಿ ಹಿಡಿದು ಸಂಗಮದಲ್ಲಿ ಕಾವೇರಿ ಸೇರುತ್ತದೆ. ಪೂರ್ವದ್ದು ಬೆಳ್ಳಂದೂರು, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿಗೆ, ಅಲ್ಲಿಂದ ಹೊಸೂರಿನ ಕೆಲವರಪಳ್ಳಿ ಜಲಾಶಯಕ್ಕೆ. ಕಾವೇರಿ ಸೀಮೆಯ ಮಂಡ್ಯದ ಗದ್ದೆಗೆ ಹಾಕಿದ ಗೊಬ್ಬರದ ಸಾರದಲ್ಲಿ ಒಂದಷ್ಟು ಹೀಗೆ ಬೇರೊಂದು ನದಿಯ ಪಾಲಾಗುತ್ತದೆ.

ಕೆರೆ ಸೇರಿದ ಒಂದು ಗ್ರಾಂ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಮಾಡಲು ಬ್ಯಾಕ್ಟೀರಿಯಾಗಳಿಗೆ ಸುಮಾರು ನಾಲ್ಕೂವರೆ ಗ್ರಾಂ ಆಮ್ಲಜನಕ ಬೇಕು. ರಾತ್ರಿ ಪಾಚಿಯೂ ಅದನ್ನೇ ಬಳಸುತ್ತದೆ. ಕೊಳಚೆ ತುಂಬಿದ ಕೆರೆಗಳಲ್ಲಿ ಮೀನುಗಳು ಹೆಚ್ಚಾಗಿ ಬೆಳಗಿನ ಜಾವ ಸತ್ತು ತೇಲುವುದು ಇದರಿಂದಲೇ.

ಬೆಳ್ಳಂದೂರಿನ ನೊರೆಗೆ ಮಾತ್ರ ಸಾರಜನಕವನ್ನು ದೂರಬೇಡಿ; ಅದು ಮುಖ್ಯವಾಗಿ ಸೋಪು, ಡಿಟರ್ಜೆಂಟುಗಳ ಕೆಲಸ. ಆದರೆ ಕೆರೆ ಮುಚ್ಚುವ ಜಲಕಳೆ ಕೊಬ್ಬುವುದು ಸಾರಜನಕ, ರಂಜಕ ತಿಂದು. ಕಿತ್ತ ಕಳೆಯನ್ನು ದಡದಲ್ಲೇ ಕೊಳೆಯಲು ಬಿಟ್ಟರೆ ಮಳೆಗೆ ಅದೆಲ್ಲ ಮತ್ತೆ ನೀರಿಗಿಳಿಯುತ್ತದೆ.

2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಬತ್ತಿದ ಸೀಮೆಗೆ ನೀರು ಬಂದದ್ದು ದೊಡ್ಡದೇ. ಆದರೆ ಆ ನೀರಿಗೆ ಆಗುವ ಎರಡನೇ ಹಂತದ ಸಂಸ್ಕರಣೆಯ ಮುಖ್ಯ ಗುರಿ ಕೊಳೆಯುವ ವಸ್ತುಗಳನ್ನು ತೆಗೆಯುವುದು. ನೈಟ್ರೇಟನ್ನು ಮರಳಿ ಗಾಳಿಗೆ ಕಳಿಸಲು ಆಮ್ಲಜನಕವಿಲ್ಲದ ತೊಟ್ಟಿಯ ಪ್ರತ್ಯೇಕ ಹಂತ ಬೇಕು.

ಅಂತರ್ಜಲಕ್ಕಿಳಿದ ನೈಟ್ರೇಟ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ಕಾಯಿಸಿದರೆ ಅದು ಹೋಗದು. ನೀರು ಆವಿಯಾದಷ್ಟೂ ಗಾಢವಾಗುತ್ತದೆ. ಆರು ತಿಂಗಳೊಳಗಿನ ಕೂಸಿಗೆ ಕೊಳವೆಬಾವಿ ನೀರಿನಲ್ಲಿ ಹಾಲಿನ ಪುಡಿ ಕಲಸುವ ಮನೆಯವರು ಮೊದಲು ಆ ನೀರನ್ನು ಪರೀಕ್ಷೆ ಮಾಡಿಸಲೇಬೇಕು.